ಚಿಕ್ಕಪ್ಪನಿಗೆ ಅಮ್ಮ ಬಂದ ಬೇಸಿಗೆ

ಬಿಸಿಲಿಗಿಟ್ಟ ನೀರಿನಲ್ಲಿ ಬೇವಿನ ಸೊಪ್ಪು ಮೆಲ್ಲಗೆ ಬಾಡುವಾಗ ಒಂದು ವಾಸನೆ ಏಳುತ್ತದೆ. ಎಲೆಯ ಕಹಿ, ತಾಮ್ರದ ಹಂಡೆಯ ಕಿಲುಬು, ಕಾದ ಅಂಗಳದ ಮಣ್ಣು ಎಲ್ಲ ಬೆರೆತ ವಾಸನೆ. ಮೊನ್ನೆ ಮಂಡ್ಯದಲ್ಲಿ ನಮ್ಮ ಬೀದಿಯ ಕೊನೆಯ ಮನೆಯ ಮುಂದೆ ಹೋಗುವಾಗ ಅದು ಮೂಗಿಗೆ ಬಡಿಯಿತು. ಬಾಗಿಲಿಗೆ ಬೇವಿನ ಗೊಂಚಲು ಸಿಕ್ಕಿಸಿದ್ದರು. ಒಳಗೆ ಯಾವುದೋ ಮಗುವಿಗೆ ಅಮ್ಮ ಆಗಿದೆ ಎಂದು ಗೊತ್ತಾಯಿತು. ಡಾಕ್ಟರುಗಳು ಚಿಕನ್ ಪಾಕ್ಸ್ ಎನ್ನುವುದನ್ನು ನಮ್ಮ ಕಡೆ ಇನ್ನೂ ಹಾಗೆಯೇ ಕರೆಯುತ್ತಾರೆ. ಈ ಮನೆಯ ದೊಡ್ಡವರಿಗೆಲ್ಲ ಹಿಂದೆ ಆಗಿದೆಯೋ ಇಲ್ಲವೋ, ಬಾಗಿಲು ತಟ್ಟಿ ಕೇಳಿಬಿಡಲೇ ಅನ್ನಿಸಿತು. ಗುರುತಿಲ್ಲದವರನ್ನು ಏನೆಂದು ಕೇಳುವುದು? ಸ್ವಲ್ಪ ಹೊತ್ತು ನಿಂತಿದ್ದು ಮುಂದೆ ಹೋದೆ. ನೀವೂ ಅಂಥ ಮನೆಯಲ್ಲಿ ಬೆಳೆದವರಾದರೆ, ಒಂದು ವಾಸನೆ ಎಷ್ಟು ವರ್ಷ ಹಿಂದಕ್ಕೆ ಎಳೆದೊಯ್ಯಬಲ್ಲದು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಆಗ ಮಂಡ್ಯದ ಹತ್ತಿರದ ಕೊಪ್ಪದಲ್ಲಿ ನಮ್ಮದು ಹೆಂಚಿನ ಮನೆ. ಅಜ್ಜಿ, ಅಪ್ಪ, ಅವ್ವ, ಚಿಕ್ಕಪ್ಪ, ನಾನು ಇಷ್ಟೇ ಜನವಾದರೂ ಮನೆ ಸದಾ ತುಂಬಿದಂತೆ ಇರುತ್ತಿತ್ತು. ಅದಕ್ಕೆ ಚಿಕ್ಕಪ್ಪನೇ ಕಾರಣ. ಟ್ರ್ಯಾಕ್ಟರಿನಲ್ಲಿ ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದ. ಅವನು ಬೀದಿ ತಿರುವಿಗೆ ಬರುವಷ್ಟರಲ್ಲೇ ಅವನ ದನಿ ನಡುಮನೆಗೆ ಕೇಳುತ್ತಿತ್ತು. ಅಂಗಿಗೆ ಕಬ್ಬಿನ ಸೋಗೆಯ ಚೂರು, ಕೈಗೆ ಡೀಸೆಲ್ಲು, ಜೇಬಿನಲ್ಲಿ ನನಗೊಂದು ಬೆಲ್ಲದ ತುಂಡು. ಮುಂದಿನ ಮಳೆಗಾಲ ಕಳೆದ ಮೇಲೆ ಅವನಿಗೆ ಹೆಣ್ಣು ನೋಡುವುದೆಂದು ಅಜ್ಜಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ನನಗೆ ಅಮ್ಮ ಬಂದದ್ದು ಮೂರನೇ ಕ್ಲಾಸಿನಲ್ಲಿ, ಯುಗಾದಿಗೆ ಮುಂಚೆ. ಹೊಟ್ಟೆಯ ಮೇಲೆ ಕಾಣಿಸಿಕೊಂಡ ನೀರುಗುಳ್ಳೆ ಬೆನ್ನು, ಮುಖ, ಕಡೆಗೆ ತಲೆಯ ಕೂದಲೊಳಗೂ ಎದ್ದಿತು. ಅಜ್ಜಿ ಮನೆಯಲ್ಲಿ ಒಗ್ಗರಣೆ ನಿಲ್ಲಿಸಿದಳು. ಸಾಸಿವೆ ಸಿಡಿಯುವ ಸದ್ದಿಲ್ಲದ ಆ ಮನೆ ಏನನ್ನೋ ಕಾಯುತ್ತಿರುವಂತೆ ಇತ್ತು. ಚಾಪೆಯ ಮೇಲೆ ಬಿಳಿ ಪಂಚೆ, ಪಂಚೆಯ ಮೇಲೆ ಬೇವಿನ ಸೊಪ್ಪು, ಅದರ ಮೇಲೆ ನಾನು. ತುರಿಕೆ ತಡೆಯಲಾರದೆ ಅಳುತ್ತಿದ್ದಾಗ ಚಿಕ್ಕಪ್ಪ ಪಕ್ಕದಲ್ಲಿ ಕುಳಿತು ಬೇವಿನ ಕಡ್ಡಿಯಿಂದ ಮೈ ಸವರುತ್ತಿದ್ದ. ಅವ್ವನಿಗೆ ಅನುಮಾನ. "ಅವ್ರಿಗೆ ಆಗಿತ್ತಾ ಅತ್ತೆ? ಇಲ್ದಿದ್ರೆ ಅಂಟ್ಕತದೆ" ಎಂದಳು.

"ಚಿಕ್ಕೋನಿದ್ದಾಗ್ಲೇ ಆಗೋಗದೆ ಬುಡು. ನಾನೇ ತಾನೆ ನೀರುಯ್ದಿದ್ದು" ಎಂದಳು ಅಜ್ಜಿ. ಆಗಿದ್ದದ್ದು ಅವನಿಗಲ್ಲ, ಅಪ್ಪನಿಗೆ. ಹೆತ್ತ ಆರರಲ್ಲಿ ಯಾರಿಗೆ ಯಾವಾಗ ಏನಾಯಿತು ಎನ್ನುವುದು ಅವಳಿಗೆ ಕಲಸಿಹೋಗಿತ್ತು.

ನನ್ನ ಹಕ್ಕಳೆಗಳು ಉದುರಿ, ತಲೆಗೆ ನೀರು ಹಾಕಿಸಿಕೊಂಡು ನಾನು ಸ್ಕೂಲಿಗೆ ಹೋಗತೊಡಗಿದ ಮೇಲೆ ಚಿಕ್ಕಪ್ಪ ಒಂದು ಮಧ್ಯಾಹ್ನ ಲೋಡನ್ನು ಅರ್ಧ ದಾರಿಯಲ್ಲೇ ಬಿಟ್ಟು ಮನೆಗೆ ಬಂದ. ಮೈ ಕೆಂಡವಾಗಿತ್ತು. ಮಾರನೆಯ ದಿನ ಗುಳ್ಳೆಗಳು ಎದ್ದವು. ನನ್ನವುಗಳಂತೆ ಅಲ್ಲೊಂದು ಇಲ್ಲೊಂದಲ್ಲ, ಬೆರಳಿಡಲು ಜಾಗವಿಲ್ಲದಷ್ಟು. "ಎಳೆ ಮಕ್ಳ ಕಾಯ್ಲೆ ಈ ಗೂಳಿಗ್ ಬಂತಲ್ಲಾ" ಎಂದು ಅವನ ಜೊತೆಗಾರರು ಕಿಟಕಿಯ ಆಚೆ ನಿಂತು ನಗಾಡಿದರು. ಅವನೂ ನಕ್ಕ. ನಗು ಕೆಮ್ಮಾಗಿ ತಿರುಗಿತು, ಆ ಕೆಮ್ಮು ನಿಲ್ಲಲಿಲ್ಲ.

ಆಮೇಲಿನ ದಿನಗಳಲ್ಲಿ ನನಗೆ ನೆನಪಿರುವುದೆಲ್ಲ ಅವನ ಉಸಿರಿನ ಸದ್ದು. ಸ್ಕೂಲಿನಿಂದ ಬಂದವಳು ಚಪ್ಪಲಿ ಆಚೆ ಬಿಟ್ಟು ಮೊದಲು ಗೋಡೆಗೆ ಕಿವಿಯಿಟ್ಟು ಅದನ್ನು ಕೇಳಿಸಿಕೊಳ್ಳುತ್ತಿದ್ದೆ. ಕೇಳಿಸಿದರೆ ಸಮಾಧಾನ, ಕೇಳಿಸಿದ ರೀತಿಗೆ ಭಯ. ಹೀಗೇ ಒಂದು ಸಂಜೆ ಅವ್ವ ಗಂಜಿ ಕುಡಿಸಿ ಹೊರಗೆ ಬಂದವಳೇ ಲೋಟ ಕೆಳಗಿಟ್ಟಳು. "ಅತ್ತೆ, ಅವ್ರು ಒಂದ್ ಮಾತ್ನೂ ಪೂರ್ತಿ ಆಡಕಾಯ್ತಿಲ್ಲ. ಉಸುರು ಕಟ್ತಾ ಅದೆ. ಮಂಡ್ಯಕ್ಕೆ ಕರ್ಕೊಂಡೋಗವ."

"ಸುಮ್ನಿರಮ್ಮಿ. ಅಮ್ಮ ಮೈಮೇಲಿರುವಾಗ ಒಸ್ಲು ದಾಟುಸ್ಬಾರ್ದು. ಮುನುಸ್ಕೊಂಡ್ರೆ ಯಾರ್ ತಡ್ಕಂಡಾರು? ನಾಳೆ ತಂಪು ಮಾಡ್ತೀನಿ, ಇಳೀತಾಳೆ."

ಅಪ್ಪ ಇಬ್ಬರ ಮುಖವನ್ನೂ ನೋಡಿ ತಲೆ ತಗ್ಗಿಸಿದ. ಅಜ್ಜಿಯದು ಹಟವಾಗಿರಲಿಲ್ಲ, ಹೆದರಿಕೆ. ಬೆಳಗಾಗುತ್ತಲೇ ತಲೆಗೆ ನೀರು ಹಾಕಿಕೊಂಡು ಮೊಸರನ್ನ ಕಲಸಿ ಮಾರಮ್ಮನ ಗುಡಿಗೆ ಹೋದಳು. ಅವಳು ವಾಪಸು ಬರುವ ಹೊತ್ತಿಗೆ ಚಿಕ್ಕಪ್ಪನ ತುಟಿ ನೇರಳೆಯಾಗಿತ್ತು. ಅವ್ವ ಯಾರನ್ನೂ ಕೇಳದೆ ಬೀದಿಗೆ ಓಡಿ ಪಕ್ಕದ ಮನೆಯವರ ಓಮ್ನಿ ಕರೆಸಿದ್ದಳು. ಇಬ್ಬರು ಹಿಡಿದುಕೊಂಡು ಹತ್ತಿಸುವಾಗ ಅವನು ನನ್ನ ಕಡೆ ತಿರುಗಿ, ಒಂದೊಂದೇ ಪದಕ್ಕೆ ನಿಂತು ನಿಂತು, "ಯಾಕಮ್ಮಿ... ಅಳ್ತೀಯ... ಬತ್ತೀನಿ ಬುಡು" ಎಂದ. ಅಜ್ಜಿ ಪ್ರಸಾದದ ಪಾತ್ರೆ ಹಿಡಿದು ಹೊಸ್ತಿಲಲ್ಲಿ ನಿಂತೇ ಇದ್ದಳು. ತಡೆಯಲಿಲ್ಲ.

ಗುಳ್ಳೆ ಶ್ವಾಸಕೋಶಕ್ಕೂ ಇಳಿದಿದೆ, ಮಕ್ಕಳಲ್ಲಿ ಸುಮ್ಮನೆ ಬಂದು ಹೋಗುವ ಕಾಯಿಲೆ ದೊಡ್ಡವರಲ್ಲಿ ಒಮ್ಮೊಮ್ಮೆ ಹೀಗಾಗುತ್ತದೆ, ಇನ್ನೂ ಮುಂಚೆ ಬರಬೇಕಿತ್ತು ಎಂದರಂತೆ ಡಾಕ್ಟರು. ಚಿಕ್ಕಪ್ಪ ಆ ವಾರವನ್ನು ದಾಟಲಿಲ್ಲ.

ಅಜ್ಜಿ ಎಷ್ಟೋ ದಿನ ಗುಡಿಯ ಬೀದಿಗೇ ಹೋಗಲಿಲ್ಲ. ಆಮೇಲೆ ಒಂದು ಮಂಗಳವಾರ ನನ್ನ ಕೈ ಹಿಡಿದುಕೊಂಡು ಹೋದಳು. ಕಾಯಿಲ್ಲ, ಹೂವಿಲ್ಲ. ಗರ್ಭಗುಡಿಯ ಎದುರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತು, ನೆರೆಮನೆಯವಳನ್ನು ಬೈಯುವಂತೆ ಬೈದಳು. "ನನ್ ಮನೇಗ್ ಬಂದೆ, ನಾನ್ ತಂಪು ಮಾಡ್ದೆ, ನೀನ್ ಉಂಡೆ. ಉಂಡೋಳು ಸುಮ್ನೆ ಎದ್ದೋಗದಲ್ವೇನೇ? ನನ್ ಮಗ ಏನ್ ಮಾಡಿದ್ದ ನಿಂಗೆ?" ಪೂಜಾರಿ ಗಂಟೆ ಹಿಡಿದವನು ಹಿಡಿದಂತೆ ನಿಂತಿದ್ದ. ಬೈದು ಮುಗಿದ ಮೇಲೆ ಕುಂಕುಮವನ್ನೂ ತೆಗೆದುಕೊಳ್ಳದೆ ನನ್ನನ್ನು ಎಳೆದುಕೊಂಡು ಬಂದಳು.

ಅಪ್ಪನಿಗೆ ಕೊಪ್ಪದಲ್ಲಿ ಇರಲು ಮನಸ್ಸಾಗಲಿಲ್ಲ. ಮಂಡ್ಯದಲ್ಲಿ ಮನೆ ಮಾಡಿ ಅಜ್ಜಿಯನ್ನೂ ಕರೆದುಕೊಂಡು ಬಂದ. ಹೆಂಚಿನ ಮನೆ ಬೇರೆಯವರದಾಯಿತು. ಅವರು ಕೆಡವಿ ತಾರಸಿ ಹಾಕಿಸಿದರು. ನಾನು ಕಿವಿಯಿಟ್ಟು ನಿಲ್ಲುತ್ತಿದ್ದ ಗೋಡೆ ಈಗ ಎಲ್ಲಿಯೂ ಇಲ್ಲ.

ನನಗೆ ಮದುವೆಯಾಗಿ ಮಗನಾದ ಮೇಲೆ ಅವನಿಗೆ ಚಿಕನ್ ಪಾಕ್ಸ್ ಲಸಿಕೆ ಹಾಕಿಸಲು ಹೋದಾಗ ಡಾಕ್ಟರು ನಮ್ಮಿಬ್ಬರ ಬಗ್ಗೆಯೂ ಕೇಳಿದರು. ಮಳವಳ್ಳಿಯಲ್ಲಿ ಬೆಳೆದ ನನ್ನ ಗಂಡನಿಗೆ ಅದು ಬಂದೇ ಇರಲಿಲ್ಲ. ನಾನು ಅಲ್ಲೇ ಹಟ ಹಿಡಿದು ಅವರಿಗೂ ಹಾಕಿಸಿದೆ. ಹೊರಡುವಾಗ ತಡೆಯಲಾರದೆ, ನಾನು ಚಿಕ್ಕವಳಿದ್ದಾಗ ಈ ಲಸಿಕೆ ಇತ್ತೇ ಎಂದು ಡಾಕ್ಟರನ್ನು ಕೇಳಿದೆ. ದೊಡ್ಡ ಊರುಗಳಲ್ಲಿ ಆಗಲೇ ಸಿಗುತ್ತಿತ್ತು, ಹಳ್ಳಿಯವರಿಗೆ ಹೇಳುವವರಿರಲಿಲ್ಲ ಎಂದರು. ಅದನ್ನು ನಾನು ಅವ್ವನಿಗೂ ಹೇಳಿಲ್ಲ.

ಆ ಸಂಜೆ ತವರಿನಲ್ಲಿ ಅಜ್ಜಿ ನನ್ನ ಮಗನ ತೋಳನ್ನು ಸವರುತ್ತಾ ಕೇಳಿದಳು. "ದೊಡ್ಡೋರ್ಗೂ ಆಕ್ತಾರಾ ಈ ಸೂಜಿಯ?"

"ಆಕ್ತಾರೆ ಕಣಜ್ಜಿ. ಬರ್ದೇ ಇರೋರ್ಗೆ ಎರಡ್ ಸಲ."

ಅವಳ ಕೈ ನಿಂತಿತು. "ನಮ್ ಸಿವ್ಲಿಂಗ ಇದ್ದಾಗ ಇತ್ತಾ ಇದು?"

ಅಷ್ಟು ವರ್ಷಗಳ ಮೇಲೆ ಚಿಕ್ಕಪ್ಪನ ಹೆಸರು ಅವಳ ಬಾಯಲ್ಲಿ ಬಂದಿತ್ತು. "ಇರ್ನಿಲ್ಲ ಅಜ್ಜಿ" ಎಂದೆ.

"ದಿಟವಾ?"

"ದಿಟ."

ಪೊರೆ ಬಂದ ಕಣ್ಣುಗಳಿಂದ ನನ್ನ ಮುಖವನ್ನೇ ನೋಡಿದಳು. "ಅಂಗಾರೆ ಸರಿ ಬುಡು" ಎಂದು ಮತ್ತೆ ಮಗುವಿನ ತೋಳು ಸವರತೊಡಗಿದಳು. ಆ ಮಳೆಗಾಲದಲ್ಲಿ ಅವಳೂ ಹೋದಳು. ನನ್ನ ಮಾತನ್ನು ನಂಬಿ ಹೋದಳೋ, ನನ್ನ ಸಮಾಧಾನಕ್ಕೆಂದು ನಂಬಿದಂತೆ ಮಾಡಿ ಹೋದಳೋ, ನನಗೆ ಇವತ್ತಿಗೂ ತಿಳಿಯದು.