ಕೊನೆಯ ಅಧ್ಯಾಯಕ್ಕೆ ಕಚ್ಚಾ ಹೊಲಿಗೆ

ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಕಮಲಾಕ್ಷಮ್ಮನ ಟೈಲರ್ ಅಂಗಡಿ. ಒಂದು ಗೋಡೆಗೆ ರವಿಕೆ ಬಟ್ಟೆಯ ಕಟ್ಟುಗಳು, ಎದುರು ಗೋಡೆಗೆ ಪುಸ್ತಕಗಳು. ರವಿಕೆ ಹೊಲಿಸಲು ಬಂದವರು ಪುಸ್ತಕ ಒಯ್ಯಬಹುದು, ಬಾಡಿಗೆ ಗೀಡಿಗೆ ಏನೂ ಇಲ್ಲ. ಆದರೆ ಒಂದು ಕಾನೂನು ಇದೆ. ಪ್ರತಿ ಪುಸ್ತಕದ ಕೊನೆಯ ಅಧ್ಯಾಯವನ್ನು ಕಮಲಾಕ್ಷಮ್ಮ ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ ಮುಚ್ಚಿರುತ್ತಾಳೆ. ಅಳತೆ ನೋಡಲು ಬಟ್ಟೆಗೆ ಮೊದಲು ಹಾಕುತ್ತಾರಲ್ಲ, ಎಳೆದರೆ ಬಂದುಬಿಡುವ ಹೊಲಿಗೆ, ಅದೇ. ಅಲ್ಲಿಯವರೆಗೆ ಓದಿಕೊಂಡು ಬಂದವರು ದಾರ ಕಿತ್ತು ಮುಂದೆ ಓದಬೇಕು.

ಮೊದಲು ಹೊಲಿದದ್ದು ಪತ್ತೇದಾರಿ ಕಾದಂಬರಿಗಳಿಗೆ ಮಾತ್ರ. ಮೊದಲೇ ಕೊನೆ ಪುಟ ತಿರುವಿ ಕೊಲೆಗಾರ ಯಾರೆಂದು ನೋಡಿ, ಬೀದಿಗೆಲ್ಲ ಡಂಗುರ ಸಾರುವವರ ಕಾಟ ತಡೆಯಲಾಗದೆ ಮಾಡಿದ ಉಪಾಯ. ಆಮೇಲೆ ಗೊತ್ತಾಯಿತು, ಈ ದಾರ ಇನ್ನೊಂದು ಕೆಲಸವನ್ನೂ ಮಾಡುತ್ತದೆ ಅಂತ. ಪುಸ್ತಕ ವಾಪಸ್ ಬಂದಾಗ ದಾರ ಕಿತ್ತಿದ್ದರೆ ಓದಿದ್ದಾರೆ. ದಾರ ಹಾಗೇ ಇದ್ದರೆ ಬೇಸತ್ತು ಕೈಬಿಟ್ಟಿದ್ದಾರೆ. ವಿಮೆ ಏಜೆಂಟ್ ನಾಗಭೂಷಣ್ ದಾರ ಅಲುಗಿಸದ ಪುಸ್ತಕವನ್ನು ತಂದಿಟ್ಟು, "ಕೊನೆ ಅಂತೂ ಅದ್ಭುತ ಕಣಮ್ಮ, ಕಣ್ಣಲ್ಲಿ ನೀರು ಬಂತು" ಅಂದಿದ್ದ. ಅವನ ಮುಖಕ್ಕೆ ಪುಸ್ತಕ ಹಿಡಿದು ದಾರ ತೋರಿಸಿದವಳು ಕಮಲಾಕ್ಷಮ್ಮ. ಅಂದಿನಿಂದ ಎಲ್ಲ ಪುಸ್ತಕಕ್ಕೂ ಹೊಲಿಗೆ ಬಿತ್ತು. ಬಾಯಿ ಸುಳ್ಳು ಹೇಳಬಹುದು, ದಾರ ಹೇಳುವುದಿಲ್ಲ ಎನ್ನುವುದು ಅವಳ ಮಾತು. ತಾನೂ ಪುಸ್ತಕದ ವಿಷಯದಲ್ಲಿ ಯಾರ ಮುಲಾಜಿಗೂ ಬಿದ್ದು ಸುಳ್ಳು ಹೇಳಿದವಳಲ್ಲ ಎಂಬ ಜಂಬ ಅರವತ್ನಾಲ್ಕರ ಈ ಹೆಂಗಸಿಗೆ ಬೇಕಾದಷ್ಟಿತ್ತು.

ಈಚೆಗೆ ಎರಡು ವರ್ಷದಿಂದ ಅವಳ ತಲೆ ಚಿಟ್ಟು ಹಿಡಿದಿದೆ. ತುಮಕೂರಿನಿಂದ ಬರುವ ಹೊಸ ಪುಸ್ತಕದ ಕಟ್ಟು ಬಿಚ್ಚಿದರೆ ಎರಡೇ ಬಗೆ. ಒಂದು, ಭಯವಿಲ್ಲದ ಪತ್ತೇದಾರಿ. ರಕ್ತ ಕಾಣಬಾರದು, ಕೆಟ್ಟ ಮಾತು ಬರಬಾರದು. ಬೆಟ್ಟದೂರಿನಲ್ಲಿ ಉಪ್ಪಿನಕಾಯಿ ಅಂಗಡಿ ಇಟ್ಟ ಹೆಂಗಸು, ಅವಳಿಗೊಂದು ಬೆಕ್ಕು. ಎರಡನೇ ಅಧ್ಯಾಯಕ್ಕೆ ಹೆಣ ಬೀಳುತ್ತದೆ, ಮೂರನೆಯದಕ್ಕೆ ಎಲ್ಲರೂ ಕೋಡುಬಳೆ ಮುರಿಯುತ್ತ ಕೊಲೆಗಾರ ಯಾರಿರಬಹುದು ಎಂದು ಹರಟುತ್ತಾರೆ.

"ಅಲ್ಲಾ, ನಮ್ ಬೀದಿಲಿ ಯಾರಾದ್ರೂ ಹೋದ್ರೆ ಹೆಣ ಎತ್ತೋವರ್ಗೂ ಒಲೆ ಹಚ್ಚಲ್ಲ. ಇವ್ರಿಗೆ ಕೋಡುಬಳೆ ಕರಿಯೋಕೆ ಎಣ್ಣೆ ಕಾಯಿಸೋ ಮನಸ್ಸು ಹೆಂಗ್ ಬಂತು?" ಎಂದು ಅವಳು ರವಿಕೆ ಅಳತೆ ಕೊಡಲು ನಿಂತವರನ್ನು ಕೇಳುತ್ತಿದ್ದಳು. ಅವರು ಕೈ ಎತ್ತಿಕೊಂಡೇ ಹೂಂಗುಟ್ಟಬೇಕು. ಒಂದು ಕಾದಂಬರಿಯಲ್ಲಂತೂ ಕೊಲೆ ನಡೆದ ಕೋಣೆಯಲ್ಲಿ ಸಿಕ್ಕ ರವಿಕೆಯ ಹುಕ್ಕಿನಿಂದ ಕೊಲೆಗಾರ್ತಿ ಸಿಕ್ಕಿಬೀಳುತ್ತಾಳೆ. ಕಮಲಾಕ್ಷಮ್ಮನ ಅಂಗಡಿ ಗುಡಿಸಿದರೆ ದಿನಕ್ಕೆ ಐವತ್ತು ಹುಕ್ಕು ಸಿಗುತ್ತವೆ. ಹಾಗಾದರೆ ಮಧುಗಿರಿಯ ಅರ್ಧ ಹೆಂಗಸರನ್ನು ಜೈಲಿಗೆ ಹಾಕಬೇಕಾಗುತ್ತದೆ.

ಎರಡನೇ ಬಗೆ, ಬೆಳೆದು ದೊಡ್ಡವರಾದ ಕಥೆ. ಮೂವತ್ತು ದಾಟಿರುವುದಿಲ್ಲ, ಆಗಲೇ ಬಾಲ್ಯದ ನೆನಪು ಬರೆದು ಅಚ್ಚು ಹಾಕಿಸಿರುತ್ತಾರೆ. ಎಲ್ಲರ ಅಜ್ಜಿಯೂ ಕಥೆ ಹೇಳಿದವಳೇ, ಎಲ್ಲರ ಅವ್ವನೂ ತಾನು ಉಪವಾಸವಿದ್ದು ಮಕ್ಕಳಿಗೆ ಬಡಿಸಿದವಳೇ. ಇಷ್ಟೊಂದು ಜನ ಒಳ್ಳೆಯ ಅವ್ವಂದಿರು ಇದ್ದ ನಾಡಿನಲ್ಲಿ ಇಷ್ಟೊಂದು ಜನ ಮಕ್ಕಳು ಏಟು ತಿಂದಿದ್ದು ಯಾರ ಕೈಯಲ್ಲಿ ಎಂದು ಅವಳಿಗೆ ಅರ್ಥವಾಗುತ್ತಿರಲಿಲ್ಲ. ಅಲ್ಲಿ ಸತ್ತವರಿಗಾಗಿ ಅಳುವವರಿಲ್ಲ, ಇಲ್ಲಿ ಬದುಕಿರುವವರ ಮೇಲೆ ಸಿಟ್ಟು ಮಾಡುವವರಿಲ್ಲ. ಎರಡೂ ಸಕ್ಕರೆ ಪಾಕವೇ.

ಹೀಗಿರುವಾಗ ಪವಿತ್ರಳ ಗಂಟು ಬಂತು.

ಪವಿತ್ರ ಮಿಡಿಗೇಶಿಯ ಕುರಿ ಕಾಯುವವರ ಮನೆಯ ಹುಡುಗಿ, ಈಗ ಪಾವಗಡದಲ್ಲಿ ಮೇಷ್ಟ್ರು ಕೆಲಸ. ಹನ್ನೆರಡನೇ ವಯಸ್ಸಿನಿಂದ ಕಮಲಾಕ್ಷಮ್ಮನ ಪುಸ್ತಕ ಓದಿ ಬೆಳೆದವಳು. ಆಗೆಲ್ಲ ಪುಸ್ತಕಗಳನ್ನು ಹಳೆ ಲಂಗದ ಬಟ್ಟೆಯಲ್ಲಿ ಗಂಟು ಕಟ್ಟಿ ಪಾವಗಡದ ಬಸ್ಸಿನ ಕಂಡಕ್ಟರ್ ಚಿಕ್ಕಹನುಮಯ್ಯನ ಕೈಗೆ ಕೊಟ್ಟರೆ ಅವನು ಮಿಡಿಗೇಶಿಯಲ್ಲಿ ಇಳಿಸುತ್ತಿದ್ದ. ಈ ಹುಡುಗಿ ಓದಿ ಮುಂದೆ ಬಂದದ್ದು ತನ್ನ ಗಂಟುಗಳಿಂದ ಎನ್ನುವುದು ಕಮಲಾಕ್ಷಮ್ಮನ ಹೆಮ್ಮೆ. ಮಕ್ಕಳಿಲ್ಲದ ಅವಳಿಗೆ ಹೇಳಿಕೊಳ್ಳಲು ಬೇರೆ ಹೆಮ್ಮೆಯೂ ಇರಲಿಲ್ಲ.

ಪವಿತ್ರ ತನ್ನ ಬಾಲ್ಯವನ್ನು ಬರೆದಿದ್ದಳು. ಟೈಪ್ ಮಾಡಿಸಿದ ನೂರಿಪ್ಪತ್ತು ಹಾಳೆ, ಜೊತೆಗೊಂದು ಚೀಟಿ. "ಅಮ್ಮ, ನೀವು ಹೂಂ ಅಂದರೆ ಈ ತಿಂಗಳ ಕೊನೆಗೆ ಅಚ್ಚಿಗೆ ಕೊಡುತ್ತೇನೆ. ಬೇಡ ಅಂದರೆ ಪೆಟ್ಟಿಗೆಗೆ ಹಾಕಿಡುತ್ತೇನೆ. ನನ್ನ ಮುಖ ನೋಡಿ ಹೊಗಳಬೇಡಿ. ನೀವು ಪುಸ್ತಕದ ವಿಷಯದಲ್ಲಿ ಸುಳ್ಳು ಹೇಳಿದ್ದು ನಾನು ಕಂಡಿಲ್ಲ."

ಕಮಲಾಕ್ಷಮ್ಮ ಪೆನ್ಸಿಲ್ ಚೂಪು ಮಾಡಿಕೊಂಡು ಕೂತಳು. ಹತ್ತು ಹಾಳೆಗೇ ಮೈ ಉರಿಯತೊಡಗಿತು. ಇಲ್ಲೂ ಅದೇ ಪಾಕ. ಹುಡುಗಿ ಕೋಟೆ ಗುಡ್ಡದ ಮೇಲೆ ಕುರಿ ಬಿಟ್ಟು ಓದುತ್ತ ಕೂತು ಕತ್ತಲಾದಾಗ, ಅವ್ವ ಹುಡುಕಿಕೊಂಡು ಬಂದು ಮಾತಾಡದೆ ಕಂಬಳಿ ಹೊದಿಸಿದಳಂತೆ. ಕಮಲಾಕ್ಷಮ್ಮನಿಗೆ ಅವತ್ತಿನ ಕಥೆ ಚೆನ್ನಾಗಿ ಗೊತ್ತು. ಅವ್ವ ಕರಿಯಕ್ಕ ಮಗಳಿಗೆ ಎರಡು ಬಿಟ್ಟು, ಪುಸ್ತಕವನ್ನು ಒಲೆಗೆ ಹಾಕಿ, ಒಂದು ವರ್ಷ ಸ್ಕೂಲು ಬಿಡಿಸಿದ್ದಳು. ಸುಟ್ಟದ್ದು ಕಮಲಾಕ್ಷಮ್ಮನ ಪುಸ್ತಕ. ಹಾಳೆಯ ಅಂಚಿನಲ್ಲಿ ಪೆನ್ಸಿಲ್ ಒತ್ತಿ ಬರೆದಳು: "ಸುಳ್ಳು. ಒಲೆ ಎಲ್ಲಿ?" ಮುಂದೆಯೂ ಹಾಗೇ. "ಸುಳ್ಳು." "ಇದೂ ಸುಳ್ಳು." "ಕರಿಯಕ್ಕ ಇಷ್ಟು ನಯವಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ."

ನಲವತ್ತೆರಡನೇ ಹಾಳೆಯಲ್ಲಿ ತನ್ನ ವಿಷಯ ಬಂತು. "ಮಧುಗಿರಿಯ ಟೈಲರಮ್ಮ ಒಂದು ವಾರವೂ ತಪ್ಪಿಸದೆ ನನಗೆ ಪುಸ್ತಕ ಕಳಿಸುತ್ತಿದ್ದರು. ಆ ಬಸ್ಸು ಬಾರದಿದ್ದರೆ ನಾನು ಇವತ್ತು ಇಲ್ಲಿರುತ್ತಿರಲಿಲ್ಲ." ಅದನ್ನು ಕಮಲಾಕ್ಷಮ್ಮ ಎರಡು ಸಲ ಓದಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮೂರನೇ ಸಲ ಓದಿದಳು. ಆಮೇಲೆ ಹಾಳೆ ತಿರುವಿದಳು.

ಕೊನೆಯ ಅಧ್ಯಾಯ ಎಲ್ಲಕ್ಕಿಂತ ದರಿದ್ರವಾಗಿತ್ತು. ಕರಿಯಕ್ಕ ಕಿವಿಯ ವಾಲೆ ಮಾರಿ ಮಗಳ ಕಾಲೇಜಿಗೆ ಕಟ್ಟಿದಳಂತೆ. ಸರ್ಕಾರದ ಹಾಸ್ಟೆಲಿನಲ್ಲಿ ಓದಿದ ಹುಡುಗಿ, ವಾಲೆ ಯಾಕೆ ಮಾರಬೇಕು? ಕಮಲಾಕ್ಷಮ್ಮ ಮುಖಕ್ಕೆ ಹೊಡೆದಂತೆ ಕೊನೆಯ ಹಾಳೆಯ ಹಿಂಬದಿಗೆ ಬರೆದಳು: "ಅಚ್ಚಿಗೆ ಬೇಡ." ಅಂಗಡಿಯಿಂದ ಆಚೆ ಹೋಗುವ ಯಾವ ಓದಿನ ಹಾಳೆಯೂ ಹೊಲಿಗೆ ಇಲ್ಲದೆ ಹೋಗಿದ್ದಿಲ್ಲ. ಬರೆದವಳಿಗೇ ವಾಪಸ್ ಹೋಗುವ ಗಂಟು ಎಂಬುದನ್ನೂ ಮರೆತು ಕೈ ತಾನಾಗಿ ಕೊನೆಯ ಅಧ್ಯಾಯಕ್ಕೆ ದಾರ ಹಾಕಿತು. ಮಂಗಳವಾರ ಬೆಳಗಿನ ಬಸ್ಸಿಗೆ, ಮೇಲೆ "ಪವಿತ್ರ" ಎಂದು ಬರೆದ ಗಂಟನ್ನು ಚಿಕ್ಕಹನುಮಯ್ಯನ ಕೈಗೆ ಕೊಟ್ಟಳು.

ಶುಕ್ರವಾರ ಪವಿತ್ರ ಫೋನ್ ಮಾಡಿದಳು. "ಅಮ್ಮ, ಓದಿ ಆಯ್ತಾ?"

"ಓದಿ ಕಳ್ಸಿ ಮೂರು ದಿನ ಆಯ್ತಲ್ಲೇ."

"ನಂಗೆ ಬಂದಿಲ್ಲ."

ಕಮಲಾಕ್ಷಮ್ಮ ಕತ್ತರಿ ಕೈಯಲ್ಲೇ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದಳು. ಚಿಕ್ಕಹನುಮಯ್ಯ ಟೀ ಕುಡಿಯುತ್ತಿದ್ದ. "ಮಿಡಿಗೇಶೀಲಿ ಇಳಿಸ್ದೆ ತಾಯಿ, ಅವ್ರವ್ವನ ಕೈಗೇ ಕೊಟ್ಟೆ" ಎಂದ. "ಪವಿತ್ರನ ಗಂಟು ಇಪ್ಪತ್ತು ವರ್ಷದಿಂದ ಅಲ್ಲೇ ತಾನೇ ಇಳಿಯೋದು?"

"ಅವಳು ಪಾವಗಡಕ್ಕೆ ಹೋಗಿ ಏಳು ವರ್ಷ ಆಯ್ತಲ್ಲಯ್ಯ."

"ಅವ್ಳು ಹೋದ್ಲು, ಸರಿ. ಗಂಟು ಪಾವಗಡಕ್ಕೆ ಅಂತ ನೀವು ಹೇಳ್ಲಿಲ್ವಲ್ಲ."

ಬೈಯಲು ಬಾಯಿ ತೆರೆದವಳು ಅಂಗಡಿಯ ಕಡೆ ತಿರುಗಿದಳು. ಹೇಳಿರಲಿಲ್ಲ, ನಿಜ. ಕರಿಯಕ್ಕನಿಗೆ ಓದು ಬಾರದು, ಆದರೆ ಮಗ ರಾಜಣ್ಣನಿಗೆ ಬರುತ್ತದೆ. ಒಲೆಯ ವಿಷಯ, ನಯದ ವಿಷಯ, ತಾನು ಗೀಚಿದ್ದೆಲ್ಲ ಕಮಲಾಕ್ಷಮ್ಮನಿಗೆ ಒಂದೊಂದಾಗಿ ನೆನಪಾಯಿತು. ಆ ದಿನ ಒಂದು ರವಿಕೆಗೆ ಎರಡೂ ತೋಳು ಎಡಗಡೆಯದೇ ಕತ್ತರಿಸಿಟ್ಟಳು.

ಶನಿವಾರ ಹತ್ತು ಗಂಟೆಗೆ ಕರಿಯಕ್ಕ ಅಂಗಡಿಯ ಮೆಟ್ಟಿಲು ಹತ್ತಿದಳು. ಗಂಟನ್ನು ಮೆಷೀನಿನ ಮೇಲಿಟ್ಟು, ಕೇಳದೆಯೇ ಸ್ಟೂಲು ಎಳೆದುಕೊಂಡು ಕೂತಳು.

"ಬಂದ್ಬುಟ್ಟೆ ಕಮಲಕ್ಕ. ರಾಜಣ್ಣ ಮೂರು ದಿನ ಓದ್ದ. ಕುರಿ ರೊಪ್ಪದ ತಾವ ಕುಂತ್ಕಂಡು ಎಲ್ಲಾ ಕೇಳ್ದೆ. ನೀನು ಪೆನ್ಸಿಲ್‌ನಾಗೆ ಬರ್ದಿದ್ದೂ ಓದ್ದ."

"ಕರಿಯಕ್ಕ, ಅದು ನಾನು ನಿನ್ನ ಬಗ್ಗೆ ಬರ್ದಿದ್ದಲ್ಲ. ಪವಿತ್ರನಿಗೆ..."

"ನೀನು ಬರ್ದಿದ್ದು ಸರಿಯಾಗೇ ಐತೆ ಬುಡು. ನಾನು ಕೇಳೋಕೆ ಬಂದಿದ್ದು ಬ್ಯಾರೆ. ಇದ್ರಾಗಿರೋ ಅವ್ವ ಯಾರು?"

ಕಮಲಾಕ್ಷಮ್ಮ ಗಂಟನ್ನು ತನ್ನ ಕಡೆ ಎಳೆದುಕೊಂಡಳು.

"ಕಂಬಳಿ ಹೊದಿಸ್ದಳಂತೆ. ಕಂಬಳಿ ಯಾರಿಗ್ ಬೇಕಿತ್ತು ಅವತ್ತು? ಕುರಿ ಎಲ್ಲಾ ತಾವೇ ಇಳ್ದು ಬಂದ್ವು, ಮಗಳಿಲ್ಲ. ಕೋಟೆ ಬಾಗ್ಲಿಂದ ಮ್ಯಾಲೆ ಬಂಡೆಯಾಗಿನ ದೊಣೆವರ್ಗೂ ಕೂಗ್ಕಂಡು ತಿರುಗ್ದೆ. ದೊಣೆ ನೀರ್‌ನಾಗೆ ಕೋಲು ಹಾಕಿ ಆಡಿಸ್ದೆ ಕಮಲಕ್ಕ, ಹೆಣ ತಗುಲ್ತದೇನೋ ಅಂತ. ಕಡೀಕೆ ನೋಡಿದ್ರೆ ಬಂಡೆ ಹಿಂದೆ ಕುಂತವ್ಳೆ, ಬ್ಯಾಟರಿ ಬೆಳಕು ಬುಟ್ಕಂಡು ಓದ್ತಾ. ನಾನು ಕೂಗಿದ್ದು ಕೇಳ್ಸಿತ್ತಂತೆ. ಇನ್ನೊಂದು ಹಾಳೆ ಆಗ್ಲಿ ಅಂತ ಕುಂತಿದ್ಳಂತೆ." ಕರಿಯಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಹೊಡ್ದೆ. ಪುಸ್ತಕ ಒಲೆಗೆ ಇಕ್ದೆ. ತಪ್ಪೇ ಇರ್ಲಿ, ಅದು ನಂದು. ನಾನು ಅವತ್ತು ಹೆಂಗೆ ಹೆದ್ರಿದ್ದೆ ಅಂತ ಇದ್ರಾಗೆ ಒಂದು ಅಕ್ಷರ ಇಲ್ಲ. ಕಂಬಳಿ ಹೊದ್ಸಿ ಮುಚ್ಬುಟ್ಟವ್ಳೆ."

ಇಷ್ಟು ವರ್ಷ ಕಮಲಾಕ್ಷಮ್ಮನಿಗೆ ಗೊತ್ತಿದ್ದದ್ದು ಒಲೆ ಮಾತ್ರ. ದೊಣೆಯ ನೀರಿಗೆ ಕೋಲು ಹಾಕಿದ್ದನ್ನು ಅವಳು ಯಾರನ್ನೂ ಕೇಳಿರಲಿಲ್ಲ. ಏನಾದರೂ ಮಾಡಬೇಕೆಂದು ಗಂಟು ಬಿಚ್ಚಿ ಹಾಳೆಗಳನ್ನು ತೆಗೆದಳು. ಕೊನೆಯ ಅಧ್ಯಾಯದ ದಾರ ಹಾಗೇ ಇತ್ತು.

"ಇದನ್ನ ಓದಿಸ್ಲಿಲ್ವಾ?"

"ರಾಜಣ್ಣ ಕೀಳೋಕೆ ಹೋದ. ನಾನೇ ಬ್ಯಾಡ ಅಂದೆ. ಇಷ್ಟು ಕೇಳಿದ್ ಮ್ಯಾಲೆ ಮುಂದಕ್ಕೆ ಕೇಳೋ ಮನಸಾಗ್ಲಿಲ್ಲ. ಏನೈತೆ ಅದ್ರಾಗೆ?"

"ನೀನು ವಾಲೆ ಮಾರಿದ್ದು."

ಕರಿಯಕ್ಕ ಎರಡೂ ಕೈ ಎತ್ತಿ ಕಿವಿ ಮುಟ್ಟಿ ನೋಡಿಕೊಂಡಳು. ವಾಲೆಗಳು ಅಲ್ಲೇ ಇದ್ದವು, ಮದುವೆಯಲ್ಲಿ ಹಾಕಿದ್ದವು. ಕಮಲಾಕ್ಷಮ್ಮನಿಗೆ ನಗು ಬಂತು, ಕರಿಯಕ್ಕನೂ ನಕ್ಕಳು. ಇಬ್ಬರೂ ನಗುತ್ತಿರುವಾಗ ಇನ್ನು ಎಲ್ಲ ಸರಿಹೋಯಿತು ಎಂದುಕೊಂಡಳು ಕಮಲಾಕ್ಷಮ್ಮ. ಹೊಸ ಪತ್ತೇದಾರಿಗಳಲ್ಲಿ ಕೋಡುಬಳೆ ಬರುವುದು ಇಂಥ ಹೊತ್ತಿನಲ್ಲೇ. ಅವಳೂ "ಟೀ ತರಿಸ್ಲಾ?" ಎಂದಳು.

"ಟೀ ಇರ್ಲಿ. ಇನ್ನೊಂದು ಕೇಳ್ಬೇಕು." ಕರಿಯಕ್ಕನ ನಗು ನಿಂತಿತ್ತು. "ಎಲ್ಲಾ ಹಾಳೆಗೂ ಸುಳ್ಳು ಸುಳ್ಳು ಅಂತ ಗೀಚಿದ್ಯಲ್ಲ. ನೀನು ಒಂದು ವಾರನೂ ತಪ್ಪಿಸ್ದಂಗೆ ಪುಸ್ತಕ ಕಳಿಸ್ತಿದ್ದೆ ಅಂತ ಐತಂತಲ್ಲ, ಅಲ್ಲೇನಾದ್ರೂ ಕಮಲಕ್ಕ ಬರ್ದವ್ಳಾ ಅಂತ ರಾಜಣ್ಣನ್ನ ಕೇಳ್ದೆ. ಏನೂ ಇಲ್ಲವ್ವ, ಹಾಳೆ ಬೆಳ್ಳಗೈತೆ ಅಂದ. ಅಲ್ಲಿ ಯಾಕೆ ಗೀಚ್ಲಿಲ್ಲ ಕಮಲಕ್ಕ?"

ಬೀದಿಯಲ್ಲಿ ಯಾವುದೋ ಬಸ್ಸು ಹಾರ್ನ್ ಮಾಡುತ್ತ ಹೋಯಿತು. ಕಮಲಾಕ್ಷಮ್ಮ ಟೇಪನ್ನು ಬೆರಳಿಗೆ ಸುತ್ತತೊಡಗಿದಳು.

"ಒಂದು ಪುಸ್ತಕ ಸುಟ್ಟಿದ್ದಕ್ಕೆ, ಆ ಮನೆಗೆ ಇನ್ನು ಒಂದು ಹಾಳೇನೂ ಇಲ್ಲ ಅಂತ ಹೇಳಿ ಕಳಿಸ್ದೆ ನೀನು. ಎರಡು ತಿಂಗ್ಳು ನೋಡ್ದೆ. ಹುಡುಗಿ ಊಟ ಬುಟ್ಟು ಕುಂತಿದ್ಳು. ತಪ್ಪಾಯ್ತು, ಪುಸ್ತಕ ಕಳ್ಸು ಅಂತ ಹೇಳಿ, ಹೊಲದಾಗಿನ ಅವರೆಕಾಯಿ ಒಂದು ಚೀಲ ಕೊಟ್ಟು ಕಳಿಸ್ದೆ. ಸಾಯಂಕಾಲದ ಬಸ್ಸಿಗೇ ಚೀಲ ವಾಪಸ್ ಬಂತು. ಬಾಯಿ ಕಟ್ಟಿದ್ ಹುರಿ ಕೂಡ ಬಿಚ್ಚಿರ್ಲಿಲ್ಲ. ಆಮ್ಯಾಕೆ ಎರಡು ವರ್ಷ ಗಂಟು ಬರ್ಲಿಲ್ಲ. ಸ್ಕೂಲಿಗೆ ನಾನೇ ವಾಪಸ್ ಕಳಿಸ್ದೆ. ಪುಸ್ತಕ ನೀನು ಕಳಿಸ್ಲಿಲ್ಲ."

ಕಮಲಾಕ್ಷಮ್ಮ ಇದನ್ನು ಮರೆತಿರಲಿಲ್ಲ. ಮರೆತಿದ್ದರೆ ಒಂದು ಮಾತಾದರೂ ಹೇಳಿಕೊಳ್ಳಬಹುದಿತ್ತು. ಆ ಸಾಲನ್ನು ಮೂರು ಸಲ ಓದುವಾಗಲೂ ಅವರೆಕಾಯಿಯ ಚೀಲ ಕಣ್ಣ ಮುಂದೆ ಬಂದಿತ್ತು, ಮೂರು ಸಲವೂ ಅದನ್ನು ಪಕ್ಕಕ್ಕೆ ಸರಿಸಿದ್ದಳು. ನಾಗಭೂಷಣನ ಮುಖಕ್ಕೆ ದಾರ ಹಿಡಿದವಳು ಅವಳು.

ಪೆನ್ಸಿಲ್ ಎಲ್ಲೋ ಬಟ್ಟೆಗಳ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಹುಡುಕಿ ತೆಗೆದು, ನಲವತ್ತೆರಡನೇ ಹಾಳೆ ಬಿಡಿಸಿ, ಅಂಚಿನಲ್ಲಿ ಬರೆದಳು. ಬೇರೆ ಹಾಳೆಗಳಲ್ಲಿ ಒತ್ತಿ ಬರೆದಿದ್ದವಳ ಕೈ ಇಲ್ಲಿ ಮೆಲ್ಲಗಾಯಿತು. ಆಮೇಲೆ ಕೊನೆಯ ಹಾಳೆಯ ಹಿಂಬದಿಯಲ್ಲಿ ಮೊದಲು ಬರೆದಿದ್ದ "ಅಚ್ಚಿಗೆ ಬೇಡ" ಎಂಬುದರ ಮೇಲೆ ಗೀಟು ಎಳೆದು, "ಅವ್ವನನ್ನು ಕೇಳಿ ಇನ್ನೊಂದು ಸಲ ಬರಿ. ನನ್ನನ್ನೂ ಕೇಳು" ಎಂದು ಬರೆದಳು. ಹೊಲಿದಿದ್ದ ದಾರವನ್ನು ಮುಟ್ಟಲಿಲ್ಲ.

"ಮುಂದಿನ ಬಸ್ಸಿಗೆ ಕೊಟ್ಟು ಕಳಿಸ್ತೀನಿ" ಎಂದಳು.

"ಯಾರ ಕೈಗೂ ಬ್ಯಾಡ. ನಾನೇ ಪಾವಗಡಕ್ಕೆ ಹೋಗ್ತೀನಿ. ಈ ದಾರ ನೋಡಿದ್ರೆ ಅವ್ವ ಮುಂದಕ್ಕೆ ಕೇಳ್ಲಿಲ್ಲ ಅಂತ ಅವಳಿಗೆ ಗೊತ್ತಾಯ್ತದೆ, ನಿನ್ನ ಕಾನೂನಿನಾಗೇ ಬೆಳ್ದವ್ಳು." ಕರಿಯಕ್ಕ ಕೈ ಚಾಚಿದಳು, ಆದರೆ ಗಂಟನ್ನು ತೆಗೆದುಕೊಳ್ಳಲಿಲ್ಲ. "ಏನು ಬರ್ದೆ ಅಲ್ಲಿ? ಓದು, ಕೇಳಾಣ. ನಂಗೆ ಓದೋಕೆ ಬರಲ್ಲ ಅಂತ ಗೊತ್ತಲ್ಲ."

ಕಮಲಾಕ್ಷಮ್ಮ ಕನ್ನಡಕ ಸರಿ ಮಾಡಿಕೊಂಡಳು. "ಸುಳ್ಳು" ಎಂದು ಓದಿದಳು. "ಎರಡು ವರ್ಷ ನಾನು ಪುಸ್ತಕ ಕಳಿಸಲಿಲ್ಲ. ನಿಮ್ಮವ್ವ ಕೇಳಿ ಕಳಿಸಿದ್ದಳು. ಅವಳು ಕಳಿಸಿದ..." ಅಲ್ಲಿಗೆ ಕನ್ನಡಕ ತೆಗೆದು ಒರೆಸತೊಡಗಿದಳು.

ಕರಿಯಕ್ಕ ಕಾದಳು. ಹೇಳಿಕೊಡಲಿಲ್ಲ.

"ಅವರೆಕಾಯಿ ವಾಪಸ್ ಕಳಿಸಿದೆ."

"ಹೂಂ" ಎಂದಳು ಕರಿಯಕ್ಕ. "ಈಗ ಗಂಟು ಕಟ್ಟು."