ಗುರುವಾರ ನಿಲ್ಲುತ್ತಿದ್ದ ಸರ್ವರ್

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಅದರಲ್ಲಿ ಸುಳ್ಳೇನಿಲ್ಲ. ಆ ಸಿಟ್ಟಿನಿಂದ ನನಗಾದ ನಷ್ಟವನ್ನೆಲ್ಲ ಹೇಗೋ ನುಂಗಿಕೊಂಡಿದ್ದೇನೆ. ಬೇರೊಬ್ಬರಿಗೆ ಆದದ್ದನ್ನು ಮಾತ್ರ ಇವತ್ತಿಗೂ ನುಂಗಲು ಆಗಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳವು. ರಾಯಚೂರಿನ ಗಂಜಿನ, ಅಂದರೆ ದವಸದ ಮಾರುಕಟ್ಟೆಯ, ಹಿಂದಿನ ಓಣಿಯಲ್ಲಿ ಬೀಜ ಪರೀಕ್ಷೆ ಮಾಡುವ ಒಂದು ಸಣ್ಣ ಆಫೀಸಿತ್ತು. ಮಾನ್ವಿ ಮತ್ತು ದೇವದುರ್ಗದ ಡಿಪೋಗಳಿಂದ ಹತ್ತಿ, ಶೇಂಗಾ, ಜೋಳದ ಬೀಜಗಳು ಸಣ್ಣ ಬಟ್ಟೆಯ ಚೀಲಗಳಲ್ಲಿ ಬಸ್ಸಿಗೆ ಬರುತ್ತಿದ್ದವು. ಒದ್ದೆ ಕಾಗದದ ಮೇಲೆ ಕಾಳು ಹರಡಿ, ಎಷ್ಟು ಮೊಳಕೆ ಬಂದವೆಂದು ಎಣಿಸಿ, ಪಟ್ಟಿ ಮಾಡಿ ತಿರುಗಿ ಕಳಿಸುವುದು ನಮ್ಮ ಕೆಲಸ. ಆ ಪಟ್ಟಿ ಹೋಗುವವರೆಗೆ ಅಲ್ಲಿ ಬೀಜದ ಚೀಲ ಬಿಚ್ಚುವಂತಿರಲಿಲ್ಲ. ಪಟ್ಟಿ ಮಾಡಲು ಮೇಲಿನ ಆಫೀಸಿನವರು ನಾಲ್ಕು ಕಂಪ್ಯೂಟರ್ ಕಳಿಸಿದ್ದರು. ಅವುಗಳ ಜೊತೆಗೆ ನನ್ನನ್ನೂ ಆಪರೇಟರ್ ಎಂದು ನೇಮಿಸಿದ್ದರು.

ನಾನು ಮಾನ್ವಿಯವಳು. ಅಪ್ಪ ಹತ್ತಿ ಬಿಡಿಸುವ ಜಿನ್ನಿನಲ್ಲಿ ಮೂಟೆ ಹೊರುತ್ತಿದ್ದ. ಜಿನ್ನಿನ ಕಾಂಪೌಂಡಿಗೆ ಹತ್ತಿಕೊಂಡೇ ಇದ್ದ ಕೂಲಿಗಳ ಸಾಲಿನಲ್ಲಿ ಬೆಳೆದವಳು ನಾನು. ಅಲ್ಲಿ ಹತ್ತಿಯ ಎಳೆ ಊಟದ ತಾಟಿನಲ್ಲೂ ಬೀಳುತ್ತಿತ್ತು. ಆ ಎಳೆಯೇ ನನ್ನ ಎದೆಯೊಳಗೆ ಕೂತಿತು ಎಂದು ಅವ್ವ ಹೇಳುತ್ತಿದ್ದಳು. ಸ್ವಲ್ಪ ಧೂಳಾಗಲಿ, ಹೊಗೆಯಾಗಲಿ, ಕೆಮ್ಮು ಶುರುವಾದರೆ ಕಣ್ಣಲ್ಲಿ ನೀರು ಬಂದು, ಉಸಿರು ಸಿಕ್ಕಿಕೊಂಡು ಸಾಕುಸಾಕಾಗುತ್ತಿತ್ತು. ಆದರೂ ಟೈಪಿಂಗ್ ಕಲಿತೆ, ಹೈದರಾಬಾದಿಗೆ ಹೋಗಿ ಮೂರು ವಾರ ಕಂಪ್ಯೂಟರ್ ಕಲಿತು ಬಂದೆ. ನಮ್ಮ ಸಾಲಿನಲ್ಲಿ ಆಫೀಸಿನ ಕುರ್ಚಿಯ ಮೇಲೆ ಕೂತ ಮೊದಲ ಹೆಣ್ಣುಮಗಳು ನಾನು. ಸೊಕ್ಕು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ನಾಲ್ಕರಲ್ಲಿ ಮೂರು ಕಂಪ್ಯೂಟರ್ ಹೊರಗಿನ ಹಾಲಿನಲ್ಲಿದ್ದವು. ನಾಲ್ಕನೆಯದು ಸರ್ವರ್. ಅದು ಒಳಗಿನ ಕೋಣೆಯಲ್ಲಿ, ಬೀಜದ ಚೀಲಗಳನ್ನಿಟ್ಟ ರ‍್ಯಾಕುಗಳ ನಡುವೆ ಒಂದು ಮೇಜಿನ ಮೇಲಿತ್ತು. ಹೊರಗಿನ ಮೂರರಲ್ಲಿ ನಾವು ಏನು ಹೊಡೆದರೂ ಅದು ತಂತಿಯ ಮೂಲಕ ಇದರೊಳಗೆ ಹೋಗಿ ಕೂರುತ್ತಿತ್ತು. ಇದು ನಿಂತರೆ ಆ ಮೂರೂ ನಿಂತವು. ಇದರ ಮುಂದೆ ಕೂತು ಕೆಲಸ ಮಾಡುವ ಅಗತ್ಯ ಯಾರಿಗೂ ಇರಲಿಲ್ಲ. ಹಾಗಾಗಿ ಪರದೆ ಯಾವಾಗಲೂ ಆರಿಸಿಯೇ ಇರುತ್ತಿತ್ತು. ಒಂದು ಹಸಿರು ದೀಪ ಮಾತ್ರ ಉರಿಯುತ್ತಿತ್ತು.

ಬೆಳಿಗ್ಗೆ ಅದನ್ನು ಎಬ್ಬಿಸುವುದೆಂದರೆ ನನಗೆ ಬಲು ಇಷ್ಟ. ಚಪ್ಪಲಿ ಹೊರಗೆ ಬಿಡಬೇಕು. ಮೊದಲು ಸ್ಟೆಬಿಲೈಜರ್ ಹಾಕಿ ಅದರ ಮುಳ್ಳು ಒಂದು ಕಡೆ ನಿಲ್ಲುವವರೆಗೆ ಕಾಯಬೇಕು. ಶಕ್ತಿನಗರದಲ್ಲಿ ಅಷ್ಟು ದೊಡ್ಡ ಕರೆಂಟಿನ ಕಾರ್ಖಾನೆ ನಿಂತಿದ್ದರೂ ನಮ್ಮ ಓಣಿಯ ಕರೆಂಟಿಗೆ ಹೋಗಿಬರುವ ಚಟ ಬಿಟ್ಟಿರಲಿಲ್ಲ. ಮುಳ್ಳು ನಿಂತ ಮೇಲೆ ಸರ್ವರ್ ಹಾಕಬೇಕು. ಅದು ಗೊರಗೊರ ಎಂದು, ಒಮ್ಮೆ ಕುಂಯ್ ಎಂದು ಕೂಗಿದ ಮೇಲೆ ಹೊರಗಿನ ಮೂರನ್ನು ಹಾಕಬೇಕು. ಅಷ್ಟರಲ್ಲಿ ಚಾಚಾ ಕಾಗದದಲ್ಲಿ ಕಟ್ಟಿಸಿದ ಮಂಡಕ್ಕಿಯ ಒಗ್ಗರಣಿ ಮಿರ್ಚಿ ತಂದಿರುತ್ತಿದ್ದರು. ಆ ಒಗ್ಗರಣಿಯ ವಾಸನೆ ನೆನಪಾದರೆ ಈಗಲೂ ಆ ಯಂತ್ರದ ಸದ್ದು ಕಿವಿಯಲ್ಲಿ ಕೇಳುತ್ತದೆ.

ಚಾಚಾ ನಮ್ಮ ಆಫೀಸಿನ ಅಟೆಂಡರ್. ಬಿಳಿ ಗಡ್ಡ, ಮಾಸಿದ ಬಿಳಿ ಟೋಪಿ, ಸಣ್ಣ ಆಳು. ನಿಜಾಮರ ಕಾಲದಲ್ಲಿ ನಾಲ್ಕು ಇಯತ್ತೆ ಉರ್ದು ಓದಿದ್ದರು. ಕನ್ನಡ ನನಗಿಂತ ಚೆನ್ನಾಗಿ ಮಾತಾಡುತ್ತಿದ್ದರು, ಆದರೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ದಿನಗೂಲಿಯಲ್ಲೇ ಇದ್ದರು. ಅವರನ್ನು ಖಾಯಂ ಮಾಡುವ ಫೈಲು ಮೇಲಿನ ಆಫೀಸಿಗೆ ಹೋಗಿತ್ತು. ಆ ವರ್ಷ ಆಗದಿದ್ದರೆ ವಯಸ್ಸು ಮೀರಿ, ಮತ್ತೆಂದೂ ಆಗುವಂತಿರಲಿಲ್ಲ.

ದಿನಾ ಬೆಳಿಗ್ಗೆ ನನ್ನನ್ನು ಕೇಳುತ್ತಿದ್ದರು, “ಬೇಟಿ, ನನ್ನ ಫೈಲ್ ಎಲ್ಲಿಗಿ ಬಂತು? ನಿನ್ನ ಕಂಪ್ಯೂಟರ್‌ದಾಗ ಕಾಣಸ್ತದೇನು?”

“ಅದರಾಗ ಬರೇ ಜ್ವಾಳ, ಶೇಂಗಾ ಕಾಣಸ್ತಾವ ಚಾಚಾ,” ಎನ್ನುತ್ತಿದ್ದೆ.

“ಹಂಗಾರ ನನ್ನೂ ಒಂದು ಕಾಳು ಅಂತ ಬರಕೋ. ಮೊಳಕಿ ಬರತದೋ ಇಲ್ಲೋ ನೋಡೋಣು,” ಎಂದು ನಗುತ್ತಿದ್ದರು.

ಖಾಯಂ ಆದರೆ ಮೊದಲು ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದ್ದೆ. ಹಾಜರಿ ಪುಸ್ತಕದಲ್ಲಿ ಸಹಿ ಹಾಕುತ್ತೇನೆ ಎಂದರು. ನಾವೆಲ್ಲ ಬಂದ ಕೂಡಲೇ ಸಾಹೇಬರ ಮೇಜಿನ ಮೇಲಿದ್ದ ಉದ್ದನೆಯ ಪುಸ್ತಕದಲ್ಲಿ ಸಹಿ ಮಾಡುತ್ತಿದ್ದೆವು. ದಿನಗೂಲಿಯವರ ಹಾಜರಿಯನ್ನು ಗುಮಾಸ್ತರೇ ಬೇರೆ ಕಾಗದದಲ್ಲಿ ಗೀಟು ಎಳೆದು ಮುಗಿಸುತ್ತಿದ್ದರು. ಚಾಚಾ ಆ ಪುಸ್ತಕವನ್ನು ದಿನಾ ಒರೆಸಿ, ಪುಟ ತೆರೆದು, ಪೆನ್ನು ಜೋಡಿಸಿ ಇಡುತ್ತಿದ್ದರು. ಹಳೆಯ ಲಕೋಟೆಗಳ ಹಿಂದೆ ಉರ್ದುವಿನಲ್ಲಿ ತಮ್ಮ ಸಹಿ ತಿದ್ದುವುದನ್ನು ನಾನೇ ನೋಡಿದ್ದೇನೆ. ಒಳ್ಳೆಯ ಸಹಿ, ಕೊನೆಗೆ ಒಂದು ಬಾಲ ಎಳೆಯುತ್ತಿದ್ದರು.

ಕೆಲಸಕ್ಕೆ ಸೇರಿದ ಮೊದಲ ಗುರುವಾರ ಸಂಜೆ ಹಾಲಿನ ತುಂಬ ಲೋಬಾನದ ಧೂಪದ ಹೊಗೆ ತುಂಬಿತು. ಪ್ರತಿ ಗುರುವಾರ ಒಬ್ಬ ಫಕೀರ ಕೆಂಡದ ಬಟ್ಟಲು ಹಿಡಿದು, ನವಿಲುಗರಿಯ ಕಟ್ಟಿನಿಂದ ಬೀಸುತ್ತ ಓಣಿಯ ಅಂಗಡಿಗಳಿಗೆಲ್ಲ ಹೊಗೆ ಕೊಟ್ಟು ಹೋಗುತ್ತಿದ್ದ. ಶೆಟ್ಟರ ಅಂಗಡಿಯವರೂ ಅವನಿಗಾಗಿ ಕಾಯುತ್ತಿದ್ದರು. ನಮ್ಮ ಕಟ್ಟಡ ಆಫೀಸಾಗುವುದಕ್ಕೆ ಮೊದಲು ಅತ್ತರಿನ ಅಂಗಡಿಯಾಗಿತ್ತಂತೆ. ಆ ಕಾಲದಿಂದಲೂ ಸರ್ವರ್ ಕೋಣೆಯ ಹಿಂದಿನ ಬಾಗಿಲಿಗೆ ಬಂದು ನಿಲ್ಲುವುದು ಅವನ ರೂಢಿ. ನನಗೆ ಅವತ್ತು ಕೆಮ್ಮಿ ಕೆಮ್ಮಿ ಜೀವ ಹೋದಂತಾಯಿತು.

“ಚಾಚಾ, ಈ ಹೊಗಿ ನನಗ ಆಗಿಬರಂಗಿಲ್ರಿ,” ಎಂದೆ.

ಅವರು ನೀರು ತಂದುಕೊಟ್ಟರು. ಬಂದ ಫಕೀರನನ್ನು ಬರಬೇಡ ಎನ್ನುವುದು ಅವರಿಂದ ಆಗುವ ಮಾತಲ್ಲ. ಮುಂದಿನ ವಾರದಿಂದ ಹೊಗೆ ನನ್ನನ್ನು ಕಾಡಲಿಲ್ಲ. ರೂಢಿಯಾಯಿತು ಎಂದುಕೊಂಡು ಮರೆತೆ.

ಹೊಗೆ ನಿಂತ ವಾರದಿಂದಲೇ ಸರ್ವರ್ ನಿಲ್ಲಲು ಶುರುವಾಯಿತು. ಎರಡನ್ನೂ ಜೋಡಿಸಿ ನೋಡುವ ಬುದ್ಧಿ ನನಗೆಲ್ಲಿತ್ತು! ಚೆನ್ನಾಗಿ ನಡೆಯುತ್ತಿದ್ದ ಪರದೆ ಇದ್ದಕ್ಕಿದ್ದಂತೆ ಕಲ್ಲಾಗುತ್ತಿತ್ತು. ನಾನು ಮೇಜಿನ ಕೆಳಗೆ ತೂರಿ ಹಾಲಿನ ತಂತಿಗಳನ್ನೆಲ್ಲ ಎಳೆದು, ಬಿಗಿದು ನೋಡುವಷ್ಟರಲ್ಲಿ ಹತ್ತು ನಿಮಿಷ ಹೋಗುತ್ತಿತ್ತು. ಆಮೇಲೆ ಒಳಗೆ ಹೋದರೆ ಹಸಿರು ದೀಪ ಉರಿಯುತ್ತಲೇ ಇರುತ್ತಿತ್ತು. ಪರದೆ ಹಾಕಿ ನೋಡಿದರೆ ಅದು ಆಗಷ್ಟೇ ಎದ್ದಿರುತ್ತಿತ್ತು, ಆ ಮಧ್ಯಾಹ್ನ ಹೊಡೆದ ಪಟ್ಟಿ ಅರ್ಧಕ್ಕರ್ಧ ಕೆಟ್ಟಿರುತ್ತಿತ್ತು.

ಇಲಿ ಕಡಿದಿರಬೇಕೆಂದು ಬೋನು ಇಟ್ಟೆ. ಹೈದರಾಬಾದಿನಿಂದ ಇಂಜಿನಿಯರ್ ಒಬ್ಬರು ರೈಲಿಗೆ ಬಂದು, ಎಲ್ಲ ಬಿಚ್ಚಿ, ಊದಿ, ಮತ್ತೆ ಕೂಡಿಸಿ, ಏನೂ ಆಗಿಲ್ಲ ಎಂದು ಹೇಳಿ ಹೋದರು. ಹೋಗುವಾಗ ಗೋಡೆಯ ಪ್ಲಗ್ಗಿನ ಮೇಲೆ ‘ಈ ಪಿನ್ ತೆಗೆಯಬಾರದು’ ಎಂದು ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿದರು. ನಾನು ಅದರ ಕೆಳಗೆ ಕನ್ನಡದಲ್ಲಿ ದಪ್ಪಗೆ ಬರೆದೆ. ಇನ್ನೇನು ಬೇಕು ಎಂದುಕೊಂಡೆ.

ದೇವದುರ್ಗದವರು ಫೋನಿನಲ್ಲಿ, “ಏನ್ರೀ ಮೇಡಂ, ನಿಮ್ಮ ಪಟ್ಟಿ ಬರೋದ್ರಾಗ ಮಳಿ ಬಂದು ಹೋಗತದ,” ಎಂದು ಚುಚ್ಚಿದರು. ಮಾನ್ವಿಯವರು ನಮ್ಮೂರವರಾಗಿಯೂ ಇನ್ನೂ ಎರಡು ಮಾತು ಜಾಸ್ತಿ ಆಡಿದರು. ಯಂತ್ರದ ದಿನಚರಿ ಬರೆದಿಡುವ ಲಾಗ್ ಬುಕ್ ತಿರುವಿ ನೋಡಿದರೆ ಸರ್ವರ್ ನಿಂತದ್ದೆಲ್ಲ ಗುರುವಾರವೇ.

“ಗುರುವಾರ ಅಂದ್ರ ರಾಯರ ವಾರ. ನಿಮ್ಮ ಸರ್ವರ್ ಮಂತ್ರಾಲಯಕ್ಕ ಹೋಗಿ ಬರಾಕತ್ತಿರಬೇಕು ಬಿಡ್ರಿ,” ಎಂದು ಗುಮಾಸ್ತರು ಕಾಡಿದರು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಮುಂದಿನ ಗುರುವಾರ ಮಧ್ಯಾಹ್ನ ಯಾರಿಗೂ ಹೇಳದೆ ಒಳಗಿನ ಕೋಣೆಯಲ್ಲಿ, ರ‍್ಯಾಕಿನ ಹಿಂದೆ ಸ್ಟೂಲು ಹಾಕಿಕೊಂಡು ಕೂತೆ. ನಾಲ್ಕು ಗಂಟೆ ದಾಟಿತ್ತು. ಚಾಚಾ ಮೆಲ್ಲಗೆ ಒಳಗೆ ಬಂದರು. ಚಪ್ಪಲಿ ಹೊರಗೇ ಬಿಟ್ಟಿದ್ದರು. ಸರ್ವರ್ ಮುಟ್ಟಿ ಕೈ ಕಣ್ಣಿಗೊತ್ತಿಕೊಂಡು ನಮಸ್ಕಾರ ಮಾಡಿದರು. ಆಮೇಲೆ ನಮ್ಮ ಎರಡೂ ಚೀಟಿಗಳ ಕೆಳಗೆ ಕೈಹಾಕಿ ಪಿನ್ನು ಕಿತ್ತು, ರ‍್ಯಾಕಿನ ಮೇಲಿದ್ದ ಟೇಬಲ್ ಫ್ಯಾನಿನ ಪಿನ್ನು ಚುಚ್ಚಿದರು. ಆ ಕೋಣೆಗೆ ಇದ್ದದ್ದು ಅದೊಂದೇ ಪ್ಲಗ್ಗು.

“ಚಾಚಾ!” ಎಂದು ನಾನು ಕೂಗಿದ್ದು ಬಹುಶಃ ಗಂಜಿನವರೆಗೂ ಕೇಳಿಸಿರಬೇಕು. “ಏನ್ ಮಾಡಾಕತ್ತೀರಿ? ಮೂರು ತಿಂಗಳಿಂದ ನನ್ನ ಪ್ರಾಣ ತಿಂದವರು ನೀವೇನು?”

ಕಿತ್ತ ಪಿನ್ನು ಹಿಡಿದೇ ಅವರು ನನ್ನ ಕಡೆ ತಿರುಗಿದರು. “ಇದು ಖಾಲಿ ಅದಲ್ಲಾ ಬೇಟಿ. ಯಾರೂ ಕೂತಿಲ್ಲ. ಪರದಾನೂ ಆರಿಸೇ ಅದ. ಕೆಲಸ ಇಲ್ಲದ್ದು ಅಂತ ನಾ… ಐದು ಮಿನಿಟ್ ಅಷ್ಟೇ, ಆ ಹೊಗಿ…”

“ನನಗೇನೂ ಹೇಳಬ್ಯಾಡ್ರಿ!” ಎಂದು ಪಿನ್ನು ಕಸಿದು ತಿರುಗಿ ಚುಚ್ಚಿದೆ. ನೇರ ಹಾಲಿಗೆ ಹೋಗಿ ಲಾಗ್ ಬುಕ್ ಎಳೆದುಕೊಂಡೆ. ನನ್ನ ದುಂಡನೆಯ ಅಕ್ಷರದಲ್ಲಿ ಬರೆದೆ: ‘ಅಟೆಂಡರ್ ಪ್ರತಿ ವಾರ ಅನುಮತಿ ಇಲ್ಲದೆ ಸರ್ವರ್‌ನ ಪಿನ್ ತೆಗೆದು, ತಮ್ಮ ಗಾಳಿಗಾಗಿ ಫ್ಯಾನ್ ಹಾಕಿಕೊಳ್ಳುತ್ತಾರೆ. ಇದು ಶುದ್ಧ ಬೇಜವಾಬ್ದಾರಿ.’ ಸಾಹೇಬರು ಓದಿ ಸಹಿ ಹಾಕಿದರು. ನನಗೆ ಗೆದ್ದಂತಾಗಿತ್ತು.

ಸ್ವಲ್ಪ ಹೊತ್ತಿಗೆ ಹಾಲಿನೊಳಗೆ ಲೋಬಾನದ ಹೊಗೆ ನುಗ್ಗಿತು. ಮೂರು ತಿಂಗಳ ನಂತರ ಮೊದಲ ಸಲ. ಕೆಮ್ಮಿ ಕೆಮ್ಮಿ ಮೇಜಿನ ಮೇಲೆ ಬಗ್ಗಿದೆ. ನೀರು ಕುಡಿಯಲು ಎದ್ದವಳು ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟೆ. ಚಾಚಾ ಹಿಂದಿನ ಬಾಗಿಲಲ್ಲಿ ನಿಂತು, ಒಂದು ಹಳೆಯ ಫೈಲಿನ ರಟ್ಟು ಹಿಡಿದು ಎರಡೂ ಕೈಯಿಂದ ಹೊಗೆಯನ್ನು ಓಣಿಯ ಕಡೆ ಬೀಸುತ್ತಿದ್ದರು. ನಿಂತುಹೋದ ಫ್ಯಾನಿನ ಮುಖವೂ ಓಣಿಯ ಕಡೆಗೇ ಇತ್ತು. ಅದು ಅವರ ಗಾಳಿಗಲ್ಲ. ಅಯ್ಯೋ, ನನ್ನ ಬಾಯಿಗೆ ಮಣ್ಣು ಬೀಳಲಿ ಎಂದು ಅಂದುಕೊಂಡೆ. ಅದು ನನ್ನ ಎದೆಗೆ ಹೊಗೆ ತಾಕದಿರಲಿ ಎಂದು ಹಾಕಿದ ಫ್ಯಾನು. ಪಿನ್ನು ತೆಗೆಯಬಾರದೆಂದು ನಾವು ಎರಡು ಭಾಷೆಯಲ್ಲಿ ಬರೆದಿದ್ದೆವು. ಅವರಿಗೆ ಓದಲು ಬರುವ ಮೂರನೆಯದು, ಉರ್ದು, ರಾಯಚೂರಿನ ಅರ್ಧ ಅಂಗಡಿಗಳ ಬೋರ್ಡಿನ ಮೇಲೆ ಇದ್ದರೂ ನಮಗೆ ನೆನಪಾಗಲಿಲ್ಲ. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದನ್ನೂ ನಾನು ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಸಾಹೇಬರ ಹತ್ತಿರ ಹೋಗಿ, ಆ ಸಾಲು ಹೊಡೆದುಹಾಕಬೇಕು, ತಪ್ಪು ನನ್ನದು ಎಂದೆ.

“ತಿಂಗಳ ವರದಿ ಜೊತಿಗಿ ಅದರ ನಕಲು ನಿನ್ನೆ ಟಪಾಲಿಗಿ ಹೋತಲ್ಲವಾ,” ಎಂದರು. “ಇರಲಿ, ಮುಂದಿನ ತಿಂಗಳು ತಿದ್ದುಪಡಿ ಕಳಸೋಣಂತ.”

ತಿದ್ದುಪಡಿ ಕಳಿಸಿದೆ. ಒಂದಲ್ಲ, ಮೂರು ಕಳಿಸಿದೆ. ಒಂದಕ್ಕೂ ಉತ್ತರ ಬರಲಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಕೋಣೆಗೆ ಇನ್ನೊಂದು ಪ್ಲಗ್ಗು ಹಾಕಿಸಿದೆ. ಸರ್ವರ್ ಆಮೇಲೆ ಒಂದು ಗುರುವಾರವೂ ನಿಲ್ಲಲಿಲ್ಲ. ಚಾಚಾ ನನ್ನ ಹತ್ತಿರ ಕುಳಿತು, ಮೂರನೆಯ ಚೀಟಿಯ ಮೇಲೆ ಉರ್ದುವಿನಲ್ಲಿ ತಾವೇ ಬರೆದು ಅಂಟಿಸಿದರು. ಒಗ್ಗರಣಿ ಮಿರ್ಚಿ ಬರುವುದೂ ನಿಲ್ಲಲಿಲ್ಲ. ಕ್ಷಮೆ ಕೇಳಲು ಹೋದರೆ, “ಹೋಗಲಿ ಬಿಡು ಬೇಟಿ, ನಿನ್ನ ಸಿಟ್ಟು ಹಾಲಿನ ಉಕ್ಕು,” ಎಂದು ನಗುತ್ತಿದ್ದರು. ಲಾಗ್ ಬುಕ್ಕಿನ ಸಾಲಿನ ವಿಷಯ ಮಾತ್ರ ಅವರಿಗೆ ಗೊತ್ತಿರಲಿಲ್ಲ. ಅದನ್ನು ಹೇಳುವ ಧೈರ್ಯ ನನಗಾಗಲಿಲ್ಲ.

ಆ ವರ್ಷ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಚಾಚಾ ಹೊಸ ಬಿಳಿ ಟೋಪಿ ಹಾಕಿಕೊಂಡು ನನ್ನ ಮೇಜಿನ ಹತ್ತಿರ ಬಂದರು. ಕೈಯಲ್ಲಿ ಕಂದು ಲಕೋಟೆ.

“ನನ್ನ ಹೆಸರಿಲೆ ಬಂದದ. ಸಾಹೇಬರು ಊಟಕ್ಕ ಹೋಗ್ಯಾರ. ನೀನೇ ಓದು ಬೇಟಿ, ನಿನ್ನ ಬಾಯಿಲೆ ಕೇಳಬೇಕು.”

ಒಡೆದೆ. ಒಂದೇ ಪುಟ. ಕಣ್ಣಾಡಿಸಿದೆ. ಚಾಚಾ ನನ್ನ ಮುಖವನ್ನೇ ನೋಡುತ್ತಿದ್ದರು. ಸುಳ್ಳು ಓದಬಹುದಿತ್ತು. ವಯಸ್ಸಿನ ಕಾರಣ ಹೇಳಬಹುದಿತ್ತು. ಅವರಿಗೆ ಯಾವತ್ತೂ ತಿಳಿಯುತ್ತಿರಲಿಲ್ಲ. ಆದರೆ ನಾನು ಓದಿದೆ. ಖಾಯಂ ಮಾಡುವ ಪ್ರಸ್ತಾವವನ್ನು ತಿರಸ್ಕರಿಸಲಾಗಿದೆ. ಕಾರಣ, ಅಟೆಂಡರ್ ಪ್ರತಿ ವಾರ ಅನುಮತಿ ಇಲ್ಲದೆ ಸರ್ವರ್‌ನ ಪಿನ್ ತೆಗೆದು, ತಮ್ಮ ಗಾಳಿಗಾಗಿ ಫ್ಯಾನ್ ಹಾಕಿಕೊಳ್ಳುತ್ತಾರೆ. ಇದು ಶುದ್ಧ ಬೇಜವಾಬ್ದಾರಿ. ಒಂದಕ್ಷರ ಬದಲಾಗದೆ ನನ್ನದೇ ಸಾಲು.

“ನನ್ನ ಗಾಳಿಗೇನು?” ಎಂದರು ಚಾಚಾ. ಸಿಟ್ಟಿನಿಂದಲ್ಲ, ಅರ್ಥವಾಗದೆ. “ಹಂಗ ಯಾರು ಬರದಾರ?”

“ನಾನೇ ಚಾಚಾ.”

ಅವರು ನನ್ನ ಕೈಯಿಂದ ಕಾಗದ ತೆಗೆದುಕೊಂಡು, ಮಡಿಚಿ, ಅಂಗಿಯ ಕಿಸೆಯಲ್ಲಿಟ್ಟರು. “ಪಿನ್ನು ತಗದದ್ದು ಖರೇನ ಅದ,” ಎಂದಷ್ಟೇ ಹೇಳಿದರು. ಸಾಹೇಬರ ಮೇಜಿನ ಮೇಲೆ ತೆರೆದಿದ್ದ ಹಾಜರಿ ಪುಸ್ತಕವನ್ನು ಮುಚ್ಚಿ, ಪೆನ್ನನ್ನು ಅದರ ಮೇಲಿಟ್ಟರು. ನನಗೆ ಅಳು ತಡೆಯಲಾಗಲಿಲ್ಲ.

ಅವತ್ತು ಗುರುವಾರ. ನಾಲ್ಕು ದಾಟಿದ ಮೇಲೆ ಓಣಿಯ ತುದಿಯಲ್ಲಿ ಫಕೀರನ ದನಿ ಕೇಳಿಸಿತು. ಈ ಸಲ ಹೊಗೆ ಬರಲಿ, ನನಗೆ ಅದೇ ಆಗಬೇಕು ಎಂದುಕೊಂಡು ಕೂತಿದ್ದೆ. ಚಾಚಾ ಎದ್ದು, ಚಪ್ಪಲಿ ಬಿಟ್ಟು ಒಳಗೆ ಹೋದರು. ಒಂದು ನಿಮಿಷಕ್ಕೆ ಫ್ಯಾನಿನ ಸದ್ದು ಕೇಳಿಸಿತು. ನನಗೆ ಅವತ್ತೂ ಕೆಮ್ಮು ಬರಲಿಲ್ಲ.