ಎಡಗಡೆಯ ವಿಮಾನ

ಹುಸೇನಪ್ಪ ಉಸ್ತಾದರು ವಿಡಿಯೊ ಗೇಮ್ ಆಡುವಾಗ ಟಿವಿಗೆ ನೇರ ಮುಖ ಕೊಡುತ್ತಿರಲಿಲ್ಲ. ಕತ್ತನ್ನು ಎಡಕ್ಕೆ ಹೊರಳಿಸಿ, ಕೋಳಿ ಕಾಳನ್ನು ನೋಡುವ ಹಾಗೆ ಓರೆಯಾಗಿ ನೋಡುತ್ತ ಗುಂಡು ಹಾರಿಸುತ್ತಿದ್ದರು. "ಏನ್ರೀ ಉಸ್ತಾದ್, ಗೋಡಿ ಜೋಡಿ ಆಡಾಕತ್ತೀರೇನು?" ಎಂದು ನಾನು ಕಿಚಾಯಿಸಿದರೆ, "ಡ್ರೈವರ್ ಅಂದ್ರ ಹಿಂಗ ನೋಡಬೇಕಲೇ ಮಲ್ಲ್ಯಾ. ನೆಟ್ಟಗ ನೋಡಾವ ಪ್ಯಾಸೆಂಜರ್" ಅನ್ನುತ್ತಿದ್ದರು. ಮಹಾರಾಯರ ಹತ್ತಿರ ಎಲ್ಲದಕ್ಕೂ ಒಂದು ಉತ್ತರ ಇರುತ್ತಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಓಡುವ, ಸಾವಕಾರನೊಬ್ಬನ ಖಾಸಗಿ ಬಸ್ಸಿಗೆ ಅವರು ಡ್ರೈವರು, ನಾನು ಕಂಡಕ್ಟರು. ನಮ್ಮ ಕಡೆ ಡ್ರೈವರನ್ನು ಉಸ್ತಾದ ಅನ್ನುವುದು ರೂಢಿ. ಇವರನ್ನು ಕರೆಯುವಾಗ ಮಾತ್ರ ಆ ಮಾತು ಬಾಯಿತುಂಬ ಬರುತ್ತಿತ್ತು. ಗೇರು ಬದಲಿಸಿದ್ದು ತಾಯಿ ತೊಡೆಯ ಮೇಲೆ ಮಲಗಿದ ಕೂಸಿಗೂ ಗೊತ್ತಾಗಬಾರದು, ಅಷ್ಟು ಜೋಪಾನ. ಮಧ್ಯಾಹ್ನ ಟ್ರಿಪ್ಪುಗಳ ನಡುವೆ ಬಿಡುವು ಸಿಕ್ಕರೆ ಸಿಂಧನೂರಿನ ಅಕ್ಕಿ ಗಿರಣಿಯ ಹಿಂದಿದ್ದ ನಮ್ಮ ಬಾಡಿಗೆ ಕೋಣೆಗೆ ಓಡುವುದು, ಸಂತೆಯಲ್ಲಿ ಕೊಂಡ ಗೇಮಿನ ಡಬ್ಬಿಯನ್ನು ಟಿವಿಗೆ ಸಿಕ್ಕಿಸಿ ವಿಮಾನದ ಆಟ ಹಚ್ಚುವುದು. ಬಲಗಡೆ ಅವರು, ಎಡಗಡೆ ನಾನು. ನಾನು ಗುಂಡಿ ಕುಟ್ಟಿ ಕುಟ್ಟಿ ಸಾಯುತ್ತಿದ್ದರೆ, "ಸಾವಕಾಶಲೇ, ಜ್ವಾಳ ಹಸನ ಮಾಡಿದಂಗ ಒಂದೊಂದ ಆರಸಿ ಹೊಡಿ" ಎಂದು ಬೈಯುತ್ತಿದ್ದರು.

ಆ ಡಬ್ಬಿ ಈಗ ನನ್ನ ಹತ್ತಿರವೇ ಇದೆ. ಮೊನ್ನೆ ಧೂಳು ಒರೆಸಿ ಹಚ್ಚಿದೆ. ದೇವರಾಣೆ, ಎಂಥ ಮುರುಕು ಆಟ ಅದು! ಅದೇ ತಲೆ ತಿನ್ನುವ ಸಂಗೀತ. ಪರದೆಯ ತುಂಬ ವೈರಿಗಳು ಬಂದರೆ ನಮ್ಮ ವಿಮಾನ ಏದುಸಿರು ಬಿಡುತ್ತದೆ. ವೈರಿಯ ಗುಂಡು ಮಿಣುಕಿ ಮಿಣುಕಿ ಮಾಯವಾಗುತ್ತದೆ, ಆದರೆ ಬಡಿಯುವುದು ಬಿಡುವುದಿಲ್ಲ. ಕಾಣದ ಗುಂಡಿಗೆ ಸಾಯಬೇಕು. ಹಾಗಿದ್ದೂ ಜೋಡಿ ತುಪಾಕಿ ಸಿಕ್ಕ ಕೂಡಲೇ ಈ ವಯಸ್ಸಿನಲ್ಲಿ ನಾನು "ಹೊಡಿಯೋ ಮಗನ!" ಎಂದು ಕೂಗಿದೆ. ಕೂಗಿ ಪಕ್ಕಕ್ಕೆ ನೋಡಿದರೆ ಅಲ್ಲಿ ಯಾರೂ ಇರಲಿಲ್ಲ.

ಆ ದಿನಗಳ ಒಂದು ಮುಂಜಾನೆ ಮಸ್ಕಿ ದಾಟುತ್ತಲೇ ರಸ್ತೆಯ ಎಡಕ್ಕೆ ಹೆಣ್ಣುಮಗಳೊಬ್ಬಳು ಮೇವಿನ ಹೊರೆ ಹೊತ್ತು ಹೋಗುತ್ತಿದ್ದಳು. ನಮ್ಮ ಬಸ್ಸಿನ ಕನ್ನಡಿ ಅವಳ ಹೊರೆಯನ್ನೇ ಕಿತ್ತುಕೊಂಡು ಹೋಯಿತು. ಅವಳು ಮಣ್ಣಿನಲ್ಲಿ ಬಿದ್ದಳು. ಪುಣ್ಯಕ್ಕೆ ಏನೂ ಆಗಲಿಲ್ಲ. ಎದ್ದವಳೇ, "ಕಣ್ಣಾಗ ಮಣ್ಣ ಬಿದ್ದೈತೇನಲೇ ನಿಂಗ? ನನ್ನ ಮಕ್ಕಳನ್ನ ನಿನ್ನವ್ವ ನೋಡಾಕಿದ್ಲೇನು?" ಎಂದು ಉಗಿದಳು. ಮಾತಿಗೆ ಮಾತು ಕೊಡುವ ಉಸ್ತಾದರು ಅಂದು ಕೈಮುಗಿದರು.

ಮಧ್ಯಾಹ್ನ ಊಟವನ್ನೂ ಮಾಡದೆ ಟಿವಿ ಮುಂದೆ ಕುಳಿತರು. "ಬಾರಲೇ, ಆಡೂಣು. ಇವತ್ತ ನಾ ಗೆದ್ದೆ ಅಂದ್ರ ಕಣ್ಣು ಸರಿ ಅದಾವ ಅಂತ ತಿಳಕೊ." ಆಡಿದರು, ಸತ್ತರು. ಮತ್ತೆ ಆಡಿದರು. "ಕ್ಯಾಸೆಟ್ಟೇ ಖರಾಬ್ ಐತಿ, ಗುಂಡೇ ಕಾಣವಲ್ದು" ಎಂದು ರಿಮೋಟನ್ನು ತೊಡೆಗೆ ಕುಟ್ಟಿದರು. ಸುಳ್ಳೇನಲ್ಲ, ನನಗೂ ಕಾಣುತ್ತಿರಲಿಲ್ಲ. ಆದರೆ ಎರಡನೆಯ ಹಂತದ ಶುರುವಿಗೆ ಆಕಾಶ ಪೂರ ಖಾಲಿ ಇರುತ್ತದೆ; ಒಂದೇ ಒಂದು ಕೆಂಪು ವಿಮಾನ ಎಡಗಡೆಯಿಂದ ನಿಧಾನಕ್ಕೆ ಬರುತ್ತದೆ. ಅದು ಮಿಣುಕುವುದಿಲ್ಲ, ಮಾಯವಾಗುವುದಿಲ್ಲ. ನಾನು ಗುಂಡಿ ಒತ್ತದೆ ಉಸ್ತಾದರ ಮುಖವನ್ನೇ ನೋಡಿದೆ. ಅದು ಬಂದು ಅವರ ವಿಮಾನಕ್ಕೆ ಬಡಿಯಿತು.

"ಯಾವುದು ಹೊಡೀತಲೇ?"

"ಕೆಂಪ ವಿಮಾನ ಉಸ್ತಾದ್. ಎಡಕ್ಕಿಂದ."

"ಎಲ್ಲಿ ಬಂತದು?" ಅಂದರು. ನಾನು ಟಿವಿ ಬಂದ್ ಮಾಡಿ, ಅಂದೇ ಅವರನ್ನು ಬೇರೆ ಬಸ್ಸಿಗೆ ಹತ್ತಿಸಿ ಕರೆದುಕೊಂಡು ಹೋದೆ.

ಲಿಂಗಸುಗೂರಿನ ಕಣ್ಣಿನ ಡಾಕ್ಟರು ಮಾತು ತಿರುಗಿಸಲಿಲ್ಲ. ಎರಡೂ ಕಣ್ಣಿನ ನರ ಒಣಗುತ್ತಿವೆ, ಎಡಗಡೆಯ ನೋಟ ಹೋಗಿದೆ, ಹೋದದ್ದು ಬರುವುದಿಲ್ಲ, ಗಾಡಿ ಓಡಿಸಬಾರದು. ಹೊರಗೆ ಬೇವಿನ ಗಿಡದ ಕೆಳಗೆ ಉಸ್ತಾದರು ನನ್ನ ಎರಡೂ ಕೈ ಹಿಡಿದುಕೊಂಡರು. "ಸಾವಕಾರ್ಗ ಹೇಳಬ್ಯಾಡಲೇ. ನೀ ಬಾನೆಟ್ ಮ್ಯಾಲ ಕುಂದ್ರು, ಎಡಕ್ಕ ಬಂದದ್ದು ಹೇಳಕೋತ ಹೋಗು. ಆಟದಾಗ ಹೇಳ್ತೀಯಲ್ಲ, ಹಂಗ. ಸ್ಟೇರಿಂಗ್ ಬಿಟ್ರ ನಾ ಯಾಂವಲೇ? ನನ್ನ ಯಾರು ಉಸ್ತಾದ ಅಂತಾರ?"

"ಆಟದಾಗ ಸತ್ರ ಮತ್ತ ಶುರು ಮಾಡತೀವ್ರೀ," ಅಂದೆ. "ಮುಂಜಾನೆ ಬಿದ್ದ ಆ ತಂಗಿ ಎಲ್ಲಿಂದ ಶುರು ಮಾಡಬೇಕಿತ್ತು?"

ಅವರು ಕೈ ಬಿಟ್ಟರು.

ಮರುದಿನ ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ನೋಡುತ್ತೇನೆ, ಅವರೇ ಡ್ರೈವರ್ ಸೀಟಿನಲ್ಲಿ! ಗಾಡಿ ತುಂಬಿತ್ತು, ಇಂಜಿನ್ ಚಾಲೂ ಇತ್ತು. ಕಂಡಕ್ಟರ ಊದುವ ಸೀಟಿ ಕೇಳದೆ ಉಸ್ತಾದರು ಒಂದು ಗೇಣೂ ಗಾಡಿ ಸರಿಸಿದವರಲ್ಲ. ಸಾವಕಾರನೇ ಎದುರು ನಿಂತು ಚೀರಿದರೂ ಸೀಟಿಯಾಗಬೇಕು. ನಾನು ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಕೆಳಗೇ ನಿಂತೆ. ಬಸ್ಸಿಗೆ ಜನ ತುಂಬಿಸುವ ಏಜೆಂಟ ಬೈದ. ಜನ ಬೈದರು. ಉಸ್ತಾದರು ಕಿಟಕಿಯಿಂದ ಕತ್ತು ಚಾಚಿದರು.

"ಊದಲೇ."

"ಊದಂಗಿಲ್ರೀ."

"ಮಸ್ಕಿ ಮಟ ಅಷ್ಟ ಮಲ್ಲ್ಯಾ. ಕಾಲು ಬೀಳ್ತೀನಿ, ಒಂದ ಸಲ ಊದು."

ಅಪ್ಪನ ವಯಸ್ಸಿನವರು ಕಣ್ಣಲ್ಲಿ ನೀರು ತುಂಬಿಕೊಂಡು ಬೇಡುತ್ತಿದ್ದಾರೆ. ನನಗೂ ಅಳು ಒತ್ತರಿಸಿ ಬಂತು. ಊದಲಿಲ್ಲ. ಸೀಟಿಯಿಲ್ಲದೆ ಗಾಡಿ ಬಿಡಲು ಅವರಿಗೆ ಆಗಲಿಲ್ಲ. ಇಂಜಿನ್ ಬಂದ್ ಮಾಡಿ ಇಳಿದರು.

ಏಜೆಂಟ ಬೇರೆ ಡ್ರೈವರನನ್ನು ಕರೆತಂದ. ಉಸ್ತಾದರು ಕೋಣೆಯಿಂದ ಬಟ್ಟೆಯ ಗಂಟು ತಂದು ಹಿಂದಿನ ಬಾಗಿಲಿನಿಂದ ಹತ್ತಿದರು. "ಸಂತೆಕಲ್ಲೂರಿಗೆ ಒಂದು ಟಿಕೀಟ್ ಹರಿ" ಅಂದರು. ಅದು ಅವರ ಊರು. "ನಿಮಗ್ಯಾತರ ಟಿಕೀಟ್ರೀ?" ಅಂದರೆ, "ಪ್ಯಾಸೆಂಜರ್ ಅದೀನಿ, ಹರಿ" ಎಂದರು. ಹರಿದುಕೊಟ್ಟೆ. ದಾರಿಯುದ್ದಕ್ಕೂ ನನ್ನ ಕಡೆ ನೋಡಲಿಲ್ಲ.

ಸಂತೆಕಲ್ಲೂರಿನಲ್ಲಿ ಗಂಟು ಹಿಡಿದು ಇಳಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಬಸ್ಸು ನಿಂತೇ ಇತ್ತು. ಸೀಟಿ ಬಾಯಿಗಿಟ್ಟರೆ ಬರೀ ಗಾಳಿ ಬಂತು. ಉಸ್ತಾದರು ಕೆಳಗೆ ನಿಂತು ಸೀಟಿಗೆ ಕಾದರು. ಆಮೇಲೆ ಬಸ್ಸಿನ ತಗಡಿಗೆ ಅಂಗೈಯಿಂದ ಬಡಿದು, ತಾವೇ ಕೂಗಿದರು: "ರೈಟ್! ಹೋಗ್ಲಿ!"